ಮೇಡಂ ಅವರ ಊರು ಜಗತ್

ಪಾಠ ಹೇಳುವವರಿಗೆ ಅವರು ಹೇಳಿದ ಪಾಠವೇ ತಿರುಗಿ ಬಂದು ಕಾಲಿಗೆ ತೊಡರುವುದು ಹೊಸದೇನಲ್ಲ. ನನಗಂತೂ ವಾರಕ್ಕೊಮ್ಮೆಯಾದರೂ ಹಾಗಾಗುತ್ತದೆ. ನಾನು ಬಸವಕಲ್ಯಾಣದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಡಂ. ಇರುವುದು ಹುಮನಾಬಾದಿನ ಒಂದು ಕೋಣೆಯಲ್ಲಿ, ಒಬ್ಬಳೇ. ಹುಟ್ಟೂರು ಚಾಮರಾಜನಗರದ ಕಡೆ, ಅಂದರೆ ರಾಜ್ಯದ ಆ ತುದಿ. ನನಗೆ ತುಂಬ ಇಷ್ಟದ ಪಾಠ ‘ವಿಶ್ವಪೌರತ್ವ’. ಜಾತಿ, ಊರು, ದೇಶ ಎಲ್ಲ ಆಮೇಲೆ, ಮನುಷ್ಯನಿಗೆ ಮೊದಲು ಇಡೀ ಜಗತ್ತೇ ಮನೆ ಎಂಬ ವಿಚಾರ ಅದು. ಹೇಳುವುದಕ್ಕೆ ಬಹಳ ಚೆನ್ನಾಗಿರುತ್ತದೆ.

ಮನುಷ್ಯರ ಪೈಕಿ

ಕೋಣೆಯನ್ನು ಮೊದಲು ಕಲ್ಯಾಣದಲ್ಲೇ ಹುಡುಕಿದೆ. ಒಂದು ಕಾಲಕ್ಕೆ ಎಲ್ಲೆಲ್ಲಿಯ ಸೀಮೆಗಳಿಂದಲೋ ಜನ ಬಂದು ನೆಲೆಸಿದ ಊರು ಅದು. ಅವರಿಗೆಲ್ಲ ಬಾಡಿಗೆಗೆ ಹೇಗೆ ಸಿಕ್ಕಿತೋ, ನನಗೆ ಸಿಗಲಿಲ್ಲ. ಒಂಟಿ ಹೆಂಗಸು ಎಂದು ತಿಳಿದೊಡನೆ ಖಾಲಿ ಇದ್ದ ಕೋಣೆಗಳಿಗೆಲ್ಲ ಯಾರೋ ಬಂದುಬಿಟ್ಟಿರುತ್ತಿದ್ದರು. ಕೊನೆಗೆ ಹುಮನಾಬಾದಿನಲ್ಲಿ, ಅಂಗಳದಲ್ಲಿ ಎರಡು ಎಮ್ಮೆ ಕಟ್ಟಿದ್ದ ಮನೆಯ ಒಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, “ಯಾರ ಪೈಕಿ ನೀವು?”

ಜಾತಿ ಯಾವುದೆಂದು ಕೇಳುವ ಪರಿ ಇದು. ಅಷ್ಟು ಸುತ್ತಿದರೂ ನನ್ನ ಬಿಗುಮಾನ ಇಳಿದಿರಲಿಲ್ಲ. “ಮನುಷ್ಯರ ಪೈಕಿ ಅಮ್ಮ,” ಅಂದೆ.

“ಅದು ಕಾಣಾಕತ್ತದಲ್ರಿ. ದನಕ್ಕ ಕೊಟ್ಟಿಗಿ ಬ್ಯಾರೆ ಅದ,” ಅಂದಳು. ಆಮೇಲೆ ಬೀಗದ ಕೈ ಕೊಟ್ಟಳು.

ಒಸಿ

ಬಸ್ ನಿಲ್ದಾಣಕ್ಕೆ ಹೋಗುವ ಶೇರ್ ಆಟೊದಲ್ಲಿ ಒಬ್ಬರು ಉರ್ದುವಿನಲ್ಲಿ ರೇಗಿದರೆ ಇನ್ನೊಬ್ಬರು ಮರಾಠಿಯಲ್ಲಿ ಜವಾಬು ಕೊಡುತ್ತಾರೆ. ಡ್ರೈವರ್ ಇಬ್ಬರಿಗೂ ಕನ್ನಡದಲ್ಲಿ ಸಮಾಧಾನ ಹೇಳುತ್ತಾನೆ. ಯಾರಿಗೂ ಏನೂ ತೊಡಕಿಲ್ಲ. ಪುಸ್ತಕದಲ್ಲಿ ಓದಿದ ವಿಶ್ವಪೌರರು ಇಲ್ಲೇ ತೊಡೆಗೆ ತೊಡೆ ತಾಗಿಸಿ ಕೂತಿದ್ದಾರಲ್ಲ ಎಂದು ನನಗೆ ಖುಷಿಯಾಯಿತು. ನಾನೂ ಸೇರಿಕೊಳ್ಳೋಣವೆಂದು ಪಕ್ಕದಾಕೆಗೆ, “ಒಸಿ ಅತ್ಲಾಗೆ ಜರುಗ್ತೀರಾ?” ಅಂದೆ, ನಮ್ಮೂರಿನ ಕನ್ನಡದಲ್ಲಿ.

ಎಲ್ಲರೂ ನನ್ನ ಕಡೆ ತಿರುಗಿದರು. ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿದ.

“ಮೇಡಂಗ ಕನ್ನಡ ಬರಂಗಿಲ್ಲ ಕಾಣ್ತದ. ಯಾರರ ಹಿಂದಿದಾಗ ಮಾತಾಡ್ರಿ.”

ಅಂದು ಸಂಜೆ ಬೇಜಾರಿನಲ್ಲಿ ನಾನು ಯಾರೊಡನೆಯೂ ಮಾತಾಡಲಿಲ್ಲ. ಮಾತಾಡಲು ಕೋಣೆಯಲ್ಲಿ ಯಾರೂ ಇರಲಿಲ್ಲ ಎನ್ನುವುದು ಬೇರೆ ವಿಷಯ.

ಗ್ರೀಕನ ಸರ್ಟಿಫಿಕೇಟು

ತರಗತಿಯಲ್ಲಿ ಒಬ್ಬ ಗ್ರೀಕ್ ವಿರಾಗಿಯ ಕಥೆ ಹೇಳಿದೆ. “ನಿನ್ನದು ಯಾವ ಊರು?” ಎಂದು ಕೇಳಿದವರಿಗೆ ಅವನು “ನಾನು ಜಗತ್ತಿನವನು” ಅಂದನಂತೆ. ಮುಡಬಿಯಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತಳು.

“ಮೇಡಂ, ಅಂವಗ ಮುನ್ನೂರಾ ಎಪ್ಪತ್ತೊಂದು ಜೆ ಸಿಗ್ತದೇನ್ರಿ?”

ಈ ಭಾಗದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಡುವ ಕಲಂ ಅದು. ಈ ಭಾಗದವಳೇ ಎಂದು ಕಂದಾಯ ಕಚೇರಿಯಿಂದ ಸರ್ಟಿಫಿಕೇಟು ತರಬೇಕು. “ಜಗತ್ತಿನವನಿಗೆ ಸಿಗಲ್ಲಮ್ಮ,” ಅಂದೆ.

“ಮತ್ತ ಅಂವಾ ಯಾಕ ಹಂಗಂದ?”

“ಅವನನ್ನು ಅವನ ಊರಿನಿಂದ ಹೊರಗೆ ಹಾಕಿದ್ದರು.”

“ಹಂಗ ಹೇಳ್ರಿ! ಪಾಪ, ಊರು ಇಲ್ಲದ್ದಕ್ಕ ಜಗತ್ತು ಅಂದಾನ. ನಾ ಮುಡಬಿಯಾಕೀನೇ ಇರ್ತೀನ್ರಿ.”

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಹಾಜರಿ ತೆಗೆದುಕೊಳ್ಳುವುದನ್ನು ಮಾತ್ರ ಮರೆತೆ.

ಮೇಲೊಂದು ಸೌಟು

ಹುಮನಾಬಾದ್ ಬಸ್ ನಿಲ್ದಾಣದ ಬಾಗಿಲಲ್ಲಿ ಒಬ್ಬಾಕೆ ಮೊಸರು ಮಾರುತ್ತಾಳೆ. ಅವಳು ಬರುವ ಹಳ್ಳಿಯ ಹೆಸರು ಹುಡಗಿ, ಬರುವವಳು ಮುದುಕಿ. ಒಂದು ಸಂಜೆ ಬಸ್ಸಿಳಿದು ಡಬ್ಬಿ ಮುಂದೆ ಹಿಡಿದಾಗ ಕೇಳಿದಳು, “ಯಾ ಊರ್ರಿ ನಿಮ್ದು?”

ಅಂದು ಆ ಪ್ರಶ್ನೆ ಬಂದದ್ದು ನಾಲ್ಕನೆಯ ಸಲ. ಸಿಟ್ಟಿನಲ್ಲಿ ಆ ಗ್ರೀಕನ ಹಾಗೆ, “ಜಗತ್ತು,” ಅಂದುಬಿಟ್ಟೆ.

ಮುದುಕಿಯ ಮುಖ ಅರಳಿತು. “ಜಗತ್? ಗುಲ್ಬರ್ಗಾದಾಗ ಜಗತ್ ಸರ್ಕಲ್ ಬಾಜೂಕೇನ್ರಿ? ನನ್ನ ಮಗಳ್ನ ಅಲ್ಲೇ ಕೊಟ್ಟೀನ್ರಿ!”

ಹೌದು, ಕಲಬುರಗಿಯಲ್ಲಿ ಜಗತ್ ಎಂದೇ ಒಂದು ಬಡಾವಣೆ ಇದೆ. ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಡಬ್ಬಿಗೆ ಮೇಲೊಂದು ಸೌಟು ಸುರಿದು, “ಮಗಳ ಊರಾಕಿ ಅಂದ್ರ ನೀವೂ ಮಗಳೇ ಆದ್ರಿ,” ಅಂದಳು. ನಾನು ಬಾಯಿ ಮುಚ್ಚಿಕೊಂಡೆ. ಈ ಕಡೆ ಬಂದ ಮೇಲೆ ಯಾರಾದರೂ ನನ್ನನ್ನು ತಮ್ಮವಳು ಅಂದದ್ದು ಅದೇ ಮೊದಲು. ತಪ್ಪು ತಿಳಿದೇ ಅಂದಿರಲಿ, ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಅಂದಿನಿಂದ ದಿನಾ ಅದೇ ಮಾತು. “ಬರ್ರಿ ಜಗತ್ ಮೇಡಂ. ಜಗತ್‌ದಾಗ ಎಲ್ಲಾ ಆರಾಮ?”

“ಆರಾಮ್ರಿ,” ಅನ್ನುತ್ತಿದ್ದೆ. ಜಗತ್ತಿನ ಕೆಟ್ಟ ಸುದ್ದಿಯೆಲ್ಲ ತುಂಬಿದ ಅಂದಿನ ಪತ್ರಿಕೆ ಕಂಕುಳಲ್ಲೇ ಇರುತ್ತಿತ್ತು, ಆದರೂ ಹಾಗೇ ಅನ್ನುತ್ತಿದ್ದೆ.

ಯಾವಾಗ ಬಂದ್ರಿ

ಬೇಸಿಗೆ ರಜೆಗೆ ಹುಟ್ಟೂರಿಗೆ ಹೋದೆ. ತರಕಾರಿ ಅಂಗಡಿಯಲ್ಲಿ ಬಾಯಿತಪ್ಪಿ, “ಬದನಿಕಾಯಿ ಹ್ಯಾಂಗ ಕೊಟ್ರಿ?” ಅಂದೆ. ಅಂಗಡಿಯವನು ನಗುತ್ತ, “ಯಾವ ಕಡೆಯೋರು ಮೇಡಮ್ಮೋರು?” ಅಂದ. ಮನೆಯಲ್ಲಿ ಅತ್ತಿಗೆ ಕಾಫಿ ಕೊಟ್ಟು, “ಯಾವತ್ತು ಹೊರಡೋದು?” ಅಂದಳು. ಎರಡನ್ನೂ ಕೇಳಿಸಿಕೊಂಡು ವಾರ ಮೊದಲೇ ಬಸ್ಸು ಹತ್ತಿದೆ.

ಹುಮನಾಬಾದಿನಲ್ಲಿ ಇಳಿದರೆ ಮೊಸರಿನ ಮುದುಕಿಯ ಪಕ್ಕದಲ್ಲಿ ಅವಳ ಮಗಳು! ತವರಿಗೆ ಬಂದಿದ್ದಳಂತೆ.

“ಅವ್ವ ದಿನಾ ನಿಮ್ಮ ಮಾತೇ ಆಡ್ತಾಳ್ರಿ,” ಅಂದಳು ಮಗಳು. “ಜಗತ್‌ದಾಗ ಯಾ ಗಲ್ಲಿರಿ?”

ಇಡೀ ಜಗತ್ತಿನ ಪಾಠ ಹೇಳುವವಳಿಗೆ ಜಗತ್‌ನ ಒಂದು ಗಲ್ಲಿಯ ಹೆಸರೂ ಗೊತ್ತಿರಲಿಲ್ಲ. “ತಪ್ಪಾಯ್ತಮ್ಮ,” ಅಂದೆ ಮುದುಕಿಗೆ. “ನಾನು ಅಲ್ಲಿಯವಳಲ್ಲ, ಬಹಳ ದೂರದವಳು. ಇಷ್ಟು ದಿನ ಸುಳ್ಳು ಹೇಳಿದೆ.” ಕಣ್ಣು ತುಂಬಿಬಂತು. ಮೊಸರು ಬೇರೆ ಕಡೆಯೂ ಸಿಗುತ್ತದೆ, ಆದರೆ ‘ಎಲ್ಲಾ ಆರಾಮ?’ ಎಂಬ ಆ ಪ್ರಶ್ನೆ ಸಿಗುವುದಿಲ್ಲ.

ಮುದುಕಿ ಗಹಗಹಿಸಿ ನಕ್ಕಳು. “ಮೊದ್ಲ ದಿನಾನೇ ಗೊತ್ತಿತ್ತು ತಗೋರಿ. ಗುಲ್ಬರ್ಗಾದವ್ರು ಹಿಂಗ ಮಾತಾಡ್ತಾರೇನು? ಊರು ಕೇಳಿದ್ರ ಸಿಟ್ಟಿಲೆ ಜಗತ್ತು ಅಂದ್ರಿ. ಮಾರಿ ನೋಡಿದೆ, ಒಬ್ಬಾಕೀನೇ ಅದಾಳ ಅನಸ್ತು. ಅಷ್ಟು ದೊಡ್ಡ ಊರಾಗ ಒಬ್ಬಾಕಿ ಹ್ಯಾಂಗ ಇರ್ಬೇಕ್ರಿ? ಅದಕ್ಕ ಸಣ್ಣದು ಮಾಡಿ ಕೊಟ್ಟೆ.”

ಅವಳು ನನ್ನ ಚೀಲದಿಂದ ತಾನೇ ಡಬ್ಬಿ ತೆಗೆದು ಮೊಸರು ಹಾಕಿದಳು, ಮೇಲೊಂದು ಸೌಟನ್ನೂ ಹಾಕಿದಳು.

“ಯಾವಾಗ ಬಂದ್ರಿ? ಜಗತ್‌ದಾಗ ಎಲ್ಲಾ ಆರಾಮ?”

“ಈಗ ಬಂದೆ,” ಅಂದೆ. “ಈಗ ಆರಾಮ್ರಿ.”