ನಾನು ಬೆಳೆಯದ ತೊಟ್ಟಿ ಮನೆ

ಪರದೇಶಕ್ಕೆ ಓದಲು ಹೋದವರು ಅಲ್ಲಿ ಏನು ಕಲಿಯುತ್ತಾರೋ ಬಿಡುತ್ತಾರೋ, ತಮ್ಮ ಊರಿನ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವುದನ್ನಂತೂ ಕಲಿತೇ ಬರುತ್ತಾರೆ. ಕೊಪ್ಪದಲ್ಲಿದ್ದಷ್ಟು ದಿನ ಕೊಪ್ಪದ ಬಗ್ಗೆ ನನಗೆ ಗೊತ್ತಿದ್ದದ್ದು ಎನ್.ಆರ್.ಪುರಕ್ಕೆ ಹೋಗುವ ಬಸ್ಸಿನ ಟೈಮು ಮಾತ್ರ. ಸ್ಕಾಲರ್‌ಶಿಪ್ ಸಿಕ್ಕಿ, ಆರ್ಕಿಟೆಕ್ಚರಿನಲ್ಲಿ ಮಾಸ್ಟರ್ಸ್ ಮಾಡಲು ಸ್ಕಾಟ್ಲೆಂಡಿಗೆ ಹೋದ ಎರಡನೇ ವಾರಕ್ಕೆ ನಾನು ಇಡೀ ಭಾರತೀಯ ಪರಂಪರೆಯ ವಕ್ತಾರಳಾಗಿದ್ದೆ. "ನಿಮ್ಮಲ್ಲಿ ಕಿಟಕಿಯನ್ನು ಹೇಗೆ ನೋಡುತ್ತಾರೆ?" ಎಂದು ಸಹಪಾಠಿಗಳು ಕೇಳಿದರೆ, "ತೆಗೆದು ನೋಡುತ್ತಾರೆ" ಎಂದು ಸುಮ್ಮನಾಗುವ ಬದಲು ಹತ್ತು ನಿಮಿಷ ಭಾಷಣ ಮಾಡುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು. ಬರೆದುಕೊಳ್ಳುವವರನ್ನು ಕಂಡರೆ ಮಾತು ತಾನಾಗಿ ಉದ್ದವಾಗುತ್ತದೆ.

ನಮ್ಮ ಪ್ರೊಫೆಸರ್ ಹೆಲೆನ್ ಅರವತ್ತರ ಹತ್ತಿರದ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರದ ಹೆಂಗಸು. ನೀವು ಬೆಳೆದ ಮನೆಯನ್ನು ಬಣ್ಣಿಸಿ, ಆಮೇಲೆ ಅದರ ನಕ್ಷೆ ಬಿಡಿಸಿ ಎಂಬುದು ಆಕೆ ಕೊಟ್ಟ ಮೊದಲ ಕೆಲಸ. ನನಗಿಂತ ಮುಂಚೆ ಮಾತಾಡಿದ ನಾರ್ವೆಯ ಹುಡುಗಿಯದು ಮರದ ದಿಮ್ಮಿಗಳ ಮನೆ. ಮೊರಾಕ್ಕೋದವನದು ಮಣ್ಣಿನ ಕೋಟೆಯಂಥ ಮನೆ. ನಮ್ಮದು ಸರ್ಕಾರಿ ಕ್ವಾರ್ಟರ್ಸು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಒಂದು ಹಾಲು, ಒಂದು ರೂಮು, ಅಡುಗೆಮನೆ, ಬಚ್ಚಲು, ಮೇಲೆ ಶೀಟು. ಅಷ್ಟು ಹೇಳಿದ್ದೇ ತಡ, ಹೆಲೆನ್ ಮುಖ ಬಾಡಿತು. "ಅದಕ್ಕೂ ಮೊದಲು?" ಎಂದರು. ನನ್ನ ಬಾಯಿಂದ ಒಂದು ತೊಟ್ಟಿ ಮನೆ ಹೊರಬಿತ್ತು.

ಮೊದಲು ನಾಲ್ಕು ಕಂಬವಿತ್ತು. ಹೆಲೆನ್ ಕಣ್ಣರಳಿಸಿದ ಹಾಗೆಲ್ಲ ಬೆಳೆದು ಹದಿನಾರಾಯಿತು. ತೊಟ್ಟಿಯ ಅಂಚಿನಲ್ಲಿ ಅಜ್ಜಿಯನ್ನು ಕೂರಿಸಿ, ಮೇಲಿಂದ ಒಂದು ಚೌಕ ಆಕಾಶ ಇಳಿಬಿಟ್ಟೆ. ನನ್ನ ನಿಜವಾದ ಅಜ್ಜಿ ಬಾಳೆಹೊನ್ನೂರಿನ ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದವರು, ಆಕಾಶ ನೋಡಬೇಕಾದರೆ ರಸ್ತೆಗೆ ಬರಬೇಕಿತ್ತು. ಬೆಂಗಳೂರಿನ ಕಾಲೇಜಿನಲ್ಲಿ ಐದು ವರ್ಷವೂ "ನಿನಗೆ ಕಲ್ಪನೆಯೇ ಇಲ್ಲ" ಎನಿಸಿಕೊಂಡಿದ್ದ ನನಗೆ ಆ ಸಲ ತರಗತಿಗೇ ಹೆಚ್ಚು ಅಂಕ. ನಕ್ಷೆಗೆ ಚೌಕಟ್ಟು ಹಾಕಿಸಿ ಕಾರಿಡಾರಿನಲ್ಲಿ ತೂಗುಹಾಕಿದರು.

ಡಿಸೆಂಬರಿನಲ್ಲಿ ಹೆಲೆನ್ ನನ್ನನ್ನು ಕರೆದು, ಜನವರಿಯಲ್ಲಿ ಬೆಂಗಳೂರಿಗೆ ಒಂದು ಸೆಮಿನಾರಿಗೆ ಬರುತ್ತಿದ್ದೇನೆ, ನೀನೂ ರಜೆಗೆ ಊರಲ್ಲಿರುತ್ತೀಯಲ್ಲ, ನಿನ್ನ ಮನೆ ನೋಡಿಯೇ ಹೋಗುತ್ತೇನೆ ಎಂದರು. ಅಮ್ಮನಿಗೆ ಫೋನು ಮಾಡಿ ಎಲ್ಲ ಒಪ್ಪಿಸಿದೆ.

"ಸುಳ್ಳು ಹೇಳದು ಕಲಿಯಕ್ಕೆ ಅಷ್ಟು ದೂರ ಹೋಗಬೇಕಿತ್ತನೇ? ಇಲ್ಲೇ ಕಲೀಬಹುದಿತ್ತಲ್ಲ."

"ಅಮ್ಮಾ, ಈಗ ಎಂತ ಮಾಡದು ಹೇಳು."

"ತೊಟ್ಟೀಲಿ ಅಜ್ಜಿನ ಕೂರ್ಸಿದ್ದೀಯಲ್ಲ, ಅವರನ್ನೇ ಕೇಳು."

ಕೊನೆಗೆ ನನಗೆ ನೆನಪಾದದ್ದು ಹರಿಹರಪುರದ ಹತ್ತಿರ ಇರುವ ಪದ್ಮತ್ತೆ. ದೂರದ ಸಂಬಂಧದಲ್ಲಿ ಅಪ್ಪನಿಗೆ ತಂಗಿ. ಅವರದು ನಿಜವಾದ ತೊಟ್ಟಿ ಮನೆ. ಊರಿಗೆ ಬಂದವಳೇ ಅವರಿಗೆ ಫೋನು ಮಾಡಿ, "ನಮ್ಮ ಪ್ರೊಫೆಸರು ಮನೆ ನೋಡಬೇಕಂತೆ" ಎಂದಷ್ಟೇ ಹೇಳಿದೆ. "ಕರ್ಕಂಡು ಬಾ, ಅದಕ್ಕೇನು" ಎಂದರು. ಅದನ್ನೇ ನಾನು ಬೆಳೆದ ಮನೆಯೆಂದು ತೋರಿಸಲಿದ್ದೇನೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಹೇಗಿದ್ದರೂ ಇಬ್ಬರ ನಡುವೆ ಭಾಷಾಂತರ ಮಾಡುವವಳು ನಾನೇ ಅಲ್ಲವೇ ಎಂಬ ಧೈರ್ಯ.

ಹೆಲೆನ್ ಜೊತೆ ಜೀಪಿನಲ್ಲಿ ಹೋಗಿ ಇಳಿದು ಒಳಗೆ ಕಾಲಿಟ್ಟರೆ ನಾವೆಲ್ಲ ಹಸಿರಾಗಿದ್ದೆವು. ತೊಟ್ಟಿಯ ಮೇಲೆ ಪದ್ಮತ್ತೆ ಕಬ್ಬಿಣದ ಗ್ರಿಲ್ಲು ಕೂರಿಸಿ, ಅದರ ಮೇಲೆ ಹಸಿರು ಫೈಬರ್ ಶೀಟು ಹೊದಿಸಿಬಿಟ್ಟಿದ್ದರು. "ಮಂಗನ ಕಾಟ ಮಾರಾಯ್ತಿ. ಅನ್ನದ ತಪ್ಪಲೆಯನ್ನೇ ಹೊತ್ಕಂಡು ಹೋಯ್ತು. ಈಗ ಆರಾಮ" ಎಂದು ಹೆಮ್ಮೆಯಿಂದ ತೋರಿಸಿದರು. ತೊಟ್ಟಿಯೊಳಗೆ ಬಿಳಿ ಟೈಲ್ಸು, ಅದರ ಮೇಲೆ ವಾಷಿಂಗ್ ಮಷಿನ್ನು. ಹೆಲೆನ್ ಕಂಬ ಎಣಿಸಿದರು. ಎಂಟಿದ್ದವು. ಅವರು ನನ್ನ ಕಡೆ ನೋಡಲಿಲ್ಲ, ಅದು ಇನ್ನೂ ಕಷ್ಟವಾಯಿತು. "ಇವಳು ಚಿಕ್ಕವಳಿದ್ದಾಗ ಯಾವ ಕೋಣೆಯಲ್ಲಿ ಮಲಗುತ್ತಿದ್ದಳು?" ಎಂದು ಪದ್ಮತ್ತೆಯನ್ನು ಕೇಳಿದರು. ನಾನು ಭಾಷಾಂತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಪದ್ಮತ್ತೆ ಸರಾಗವಾದ ಇಂಗ್ಲಿಷಿನಲ್ಲಿ ಉತ್ತರ ಶುರು ಮಾಡಿದರು. ಅವರು ರಿಟೈರಾಗುವ ತನಕ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು ಎಂಬುದು ನನಗೆ ಆಗ ನೆನಪಾಯಿತು. "ಇವಳಾ? ನನ್ನ ಮಗನ ಉಪನಯನಕ್ಕೆ ಒಂದು ಸಲ ಬಂದಿದ್ದಳು. ಜೀಪಿನಲ್ಲಿ ವಾಂತಿ ಮಾಡಿಕೊಂಡು, ಊಟವನ್ನೂ ಮಾಡದೆ ಹೋದಳು."

ಹಸಿರು ಬೆಳಕಿನಲ್ಲಿ ನನ್ನ ಮುಖದ ಬಣ್ಣ ಬದಲಾದದ್ದು ಯಾರಿಗೂ ಕಾಣಲಿಲ್ಲ ಎಂದುಕೊಳ್ಳುತ್ತೇನೆ. ಹೆಲೆನ್ ಬೈಯಲಿಲ್ಲ. ಕೊಟ್ಟ ಕಷಾಯವನ್ನು ಪೂರ್ತಿ ಕುಡಿದು ಲೋಟ ಇಟ್ಟು, "ಈಗ ನಿನ್ನ ಮನೆಗೆ ಹೋಗೋಣ" ಎಂದರು.

ಕ್ವಾರ್ಟರ್ಸಿನ ಬಾಗಿಲಲ್ಲಿ ಆಕೆಯ ತಲೆ ಚೌಕಟ್ಟಿಗೆ ಬಡಿಯಿತು. ಅಮ್ಮ ಗಾಬರಿಯಿಂದ ಕೈ ಹಿಡಿದು ಅಡುಗೆಮನೆಗೇ ಕರೆದುಕೊಂಡು ಹೋಗಿ ಕೂರಿಸಿ ಹಣೆಗೆ ಒದ್ದೆ ಬಟ್ಟೆ ಒತ್ತಿದರು. ಅಲ್ಲೇ ಕೂತು ಮೇಲೆ ನೋಡಿದ ಹೆಲೆನ್ ಹಾಗೇ ಎದ್ದು ನಿಂತರು. ಒಲೆಯ ನೇರಕ್ಕೆ, ಮಾಡಿನ ಹತ್ತಿರ, ನಾಲ್ಕು ಬಿದಿರಿನ ಗಳ. ಎರಡು ರಾಟೆ, ಒಂದು ಹಗ್ಗ. ಹಗ್ಗ ಬಿಟ್ಟರೆ ಗಳ ಕೆಳಗಿಳಿಯುತ್ತದೆ, ಒದ್ದೆ ಬಟ್ಟೆ ಹಾಕಿ ಎಳೆದರೆ ಮೇಲೇರಿ ಒಲೆಯ ಬಿಸಿಗೆ ಒಣಗುತ್ತದೆ. ಮಳೆಗಾಲಕ್ಕೆಂದು ಅಮ್ಮ ಮಾಡಿಸಿಕೊಂಡದ್ದು. ಅದರಿಂದಾಗಿ ನನ್ನ ಯೂನಿಫಾರ್ಮು ವರ್ಷದ ನಾಲ್ಕು ತಿಂಗಳು ಸಾರಿನ ವಾಸನೆ ಹೊಡೆಯುತ್ತಿತ್ತು ಎಂಬುದಷ್ಟೇ ನನಗೆ ಅದರ ಬಗ್ಗೆ ಗೊತ್ತಿದ್ದದ್ದು. "ನನ್ನ ಅಜ್ಜಿಯ ಅಡುಗೆಮನೆಯಲ್ಲೂ ಇದೇ ಇತ್ತು. ನಮ್ಮಲ್ಲೂ ಮಳೆ ಬಿಡುವುದಿಲ್ಲವಲ್ಲ" ಎಂದು ಹೆಲೆನ್ ಹಗ್ಗ ಹಿಡಿದು ಮಕ್ಕಳ ಹಾಗೆ ಇಳಿಸಿ ಏರಿಸಿದರು. ಅಪ್ಪನ ಎರಡು ಬನಿಯನ್ನುಗಳು ಗಂಭೀರವಾಗಿ ಇಳಿದು ಏರಿದವು.

ಆಮೇಲೆ ಹಾಲಿನ ಕಿಟಕಿಯ ಕೆಳಗೆ ಗೋಡೆಗೆ ಮಡಚಿ ನಿಲ್ಲಿಸುವ ಹಲಗೆ ಕಂಡಿತು. ನಾನು ಓದಿದ್ದು ಅದರ ಮೇಲೆ. "ಇದರ ಎತ್ತರ ಎಷ್ಟು?" ಎಂದು ನನ್ನನ್ನು ಕೇಳಿದರು. ಗೊತ್ತಿರಲಿಲ್ಲ. ಅದರ ಕೆಳಗೆ ಗೋಡೆಯಲ್ಲಿ ಯಾಕೆ ಎರಡು ಸಾಲು ಹಳೆಯ ತೂತುಗಳಿವೆ? ಅದೂ ಗೊತ್ತಿರಲಿಲ್ಲ. ನಾನು ಅಮ್ಮನನ್ನು ಕೇಳಿದೆ.

"ನೀ ಮೂರನೇ ಕ್ಲಾಸಲ್ಲಿ ಇದ್ದಾಗ ಹಲಗೆ ಅಲ್ಲಿತ್ತು," ಅಮ್ಮ ಕೆಳಗಿನ ಸಾಲು ಮುಟ್ಟಿದರು. "ಏಳನೇ ಕ್ಲಾಸಿಗೆ ಅದರ ಮೇಲಿಂದು. ಪಿಯುಸಿಗೆ ಈಗಿಂದು. ನೀ ಉದ್ದ ಆಗ್ತಾ ಇದ್ದೆ, ಬೆನ್ನು ಬಗ್ಗಿಸಿ ಬರೀತಿದ್ದೆ. ನಿಂಗೆ ನೆನಪಿಲ್ವಾ? ಬಡಗಿ ಬಂದಾಗೆಲ್ಲ ಗಲಾಟೆ ಅಂತ ಸಿಡುಕ್ತಿದ್ದೆ."

ನಾನು ಅದನ್ನು ಇಂಗ್ಲಿಷಿಗೆ ಅನುವಾದಿಸಲು ಹೋಗಿ ಅರ್ಧಕ್ಕೇ ನಿಂತೆ. ಹೆಲೆನ್ ಕ್ಯಾಮರಾ ತೆಗೆದು ಆ ತೂತುಗಳ ಫೋಟೋ ಹಿಡಿದರು. ಹೊರಡುವಾಗ, ನಿನ್ನ ಅಂಕ ರದ್ದು, ಈ ಮನೆಯನ್ನು ಬಿಡಿಸಿಕೊಂಡು ಬಾ ಎಂದು ಮಾತ್ರ ಹೇಳಿದರು.

ವಾಪಸು ಹೋಗಿ ಬಿಡಿಸಲು ಕೂತರೆ, ಹದಿನೇಳು ವರ್ಷ ಇದ್ದ ಮನೆಯ ಒಂದು ಅಳತೆಯೂ ಕೈಯಲ್ಲಿಲ್ಲ. ಪ್ರತಿ ಭಾನುವಾರ ಫೋನು ಮಾಡುತ್ತಿದ್ದೆ. ಅಮ್ಮ ಬ್ಲೌಸ್ ಹೊಲಿಯುವ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ನಡೆದು ಅಳತೆ ಹೇಳುತ್ತಿದ್ದರು. "ಓದ್ತಿರೋದು ನೀನಾ ನಾನಾ?" ಎಂದು ಒಮ್ಮೆ ಕೇಳಿದರು. ಅಂತೂ ಪಾಸಾದೆ. ತೊಟ್ಟಿ ಮನೆಗೆ ಬಂದಷ್ಟು ಅಂಕ ಇದಕ್ಕೆ ಬರಲಿಲ್ಲ. ಗೆರೆಗಳಲ್ಲಿ ಆತ್ಮವಿಶ್ವಾಸ ಕಡಿಮೆ ಎಂದು ಷರಾ ಬರೆದಿದ್ದರು.

ಅಪ್ಪ ರಿಟೈರಾದ ಮೇಲೆ ಕೊಪ್ಪದಲ್ಲೇ ಸಣ್ಣ ಸೈಟು ತಗೊಂಡು ಮನೆ ಕಟ್ಟಿಸಲು ಹೊರಟರು. ನಕ್ಷೆ ಸಹಜವಾಗಿಯೇ ನನ್ನದು. ಎರಡು ಅಂತಸ್ತಿನ ಎತ್ತರದ ಹಾಲು, ಮೂಲೆಯಿಂದ ಮೂಲೆಗೆ ಗಾಜು. ಅಮ್ಮ ಅದನ್ನು ಹರಡಿಕೊಂಡು ತುಂಬಾ ಹೊತ್ತು ನೋಡಿ, "ಚಂದ ಇದೆ. ಪೊರಕೆ ಎಲ್ಲಿಡದು?" ಎಂದರು. ಒನಕೆ, ಹಪ್ಪಳದ ಡಬ್ಬ, ಮಳೆಗಾಲದ ಸೌದೆ ಎಲ್ಲಿ ಎಂದು ಮುಂದಿನ ಪ್ರಶ್ನೆಗಳು ಬಂದವು. ನಾನು ಬೆಂಗಳೂರಿನ ನನ್ನ ಆಫೀಸಿಗೆ ಮರಳಿದ ಮೇಲೆ ಮೇಸ್ತ್ರಿ ನನ್ನ ನಕ್ಷೆಯನ್ನು ಸಿಮೆಂಟು ಚೀಲದ ಮೇಲೆ ಹಾಸಿ ಊಟಕ್ಕೆ ಕೂತು, ಮನೆಯನ್ನು ಅಮ್ಮ ಹೇಳಿದಂತೆ ಕಟ್ಟಿದ.

ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳುವವರೇ. ಎಷ್ಟು ಗಾಳಿ, ಎಷ್ಟು ಬೆಳಕು, ಎಲ್ಲ ಕೈಗೆ ಸಿಗುವ ಹಾಗಿದೆ. "ಪ್ಲಾನ್ ಯಾರದ್ದು?" ಎಂದು ಪದ್ಮತ್ತೆ ಕೇಳಿದರು. "ಮತ್ಯಾರದ್ದು, ನಮ್ಮ ಮಗಳದ್ದೇ. ಫಾರಿನ್ನಲ್ಲಿ ಓದಿದ್ದಲ್ವಾ" ಎಂದರು ಅಪ್ಪ. ಅಮ್ಮ ಕೋಸಂಬರಿ ಬಡಿಸುತ್ತಾ ನನ್ನ ಮುಖವನ್ನೇ ನೋಡಿದರು. ನಾನು ವಿನಯದಿಂದ ತಲೆ ತಗ್ಗಿಸಿ, "ಇನ್ನೂ ಚೆನ್ನಾಗಿ ಮಾಡಬಹುದಿತ್ತು" ಎಂದೆ.