ಮೂರನೆಯ ಚರಣ

ಗೋಡೆಯ ಮೊಳೆ ಸಡಿಲವಾಗಿ ಹಳೆಯ ನಾಟಕದ ಫೋಟೊ ಬಿದ್ದದ್ದೇ ಆ ದಿನದ ಪೀಕಲಾಟಕ್ಕೆಲ್ಲ ಮೂಲ. ಅದನ್ನು ಎತ್ತಿಕೊಂಡವನು ಪಕ್ಕದಂಗಡಿಯ ಟೈಲರ್, ಪುಕ್ಕಟೆ ಪೇಪರ್ ಓದಲು ದಿನಾ ಬೆಳಿಗ್ಗೆ ಕನ್ನಡಕದಂಗಡಿಗೆ ಬಂದು ಕೂರುವ ಆಸಾಮಿ.

"ಅಣ್ಣಾ, ಹೈಸ್ಕೂಲ್ ಸಂಗೀತ ನಾಟಕದಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸಿದೆ ಅಂತ ಹತ್ತು ವರ್ಷದಿಂದ ತಲೆ ತಿಂತಿದ್ದೀಯಲ್ಲ, ಇದರಲ್ಲಿ ನೀನೆಲ್ಲಿ?"

"ರಾಜನ ಪಾರ್ಟಿನ ಹುಡುಗನಿಗೆ ರೂಪ ಇತ್ತು, ಕಂಠ ಇರಲಿಲ್ಲ. ಅವನು ಬರೀ ಬಾಯಾಡಿಸಿದ. ಪರದೆ ಹಿಂದೆ ನಿಂತು ಹಾಡಿದ್ದು ನಾನು. ಫೋಟೊದಲ್ಲಿ ಕಂಠ ಬೀಳುತ್ತೇನಯ್ಯಾ?" ಎಂದ ಕನ್ನಡಕದಂಗಡಿಯವನು.

"ಬುರುಡೆನೂ ಬೀಳಲ್ಲ ಬಿಡು," ಎಂದ ಟೈಲರ್, ಔಷಧಿ ಅಂಗಡಿಯವನನ್ನೂ ಕೂಗಿ ಕರೆದ. ಜನ ಸೇರಿತು. ಕನ್ನಡಕದವನ ಮೈಯೆಲ್ಲ ಉರಿಯಿತು. ಬದುಕಿನಲ್ಲಿ ಅವನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದದ್ದು ಅದೊಂದನ್ನೇ.

"ನಮ್ಮ ಸಂಗೀತದ ಟೀಚರ್ ಇವತ್ತು ಹೊಸ ಕನ್ನಡಕಕ್ಕೆ ಬರ್ತಾರೆ. ಅವರೇ ಹೇಳಲಿ. ಸುಳ್ಳಾದ್ರೆ ಈ ಫೋಟೊ ಮತ್ತೆ ಗೋಡೆ ಹತ್ತಲ್ಲ!"

ಟೀಚರ್ ಬಂದರು. ಇವನು ಗಡಿಬಿಡಿಯಲ್ಲಿ ಕನ್ನಡಕ ತೊಡಿಸಿ, ಫೋಟೊ ಹಿಡಿದ.

"ಯಾರದಪ್ಪಾ ಮದುವೆ?" ಎಂದರು ಟೀಚರ್.

ಅಂಗಡಿಯೆಲ್ಲ ಗೊಳ್ಳೆಂದಿತು. ತೊಡಿಸಿದ್ದು ಔಷಧಿ ಅಂಗಡಿಯವನ ಅತ್ತೆಯ ಕನ್ನಡಕ! ಇವನು ಸರಿಯಾದದ್ದನ್ನು ಹುಡುಕಿ ಕೊಟ್ಟ.

"ಅಯ್ಯೋ, ನಮ್ಮ ನಾಟಕ! ಪರದೆ ಹಿಂದೆ ನಿಂತು ಹಾಡಿದ್ದು ನೀನೇ ಅಲ್ವೇನೋ? ಎಂಥಾ ಕಂಠ ಅದು!"

ಟೈಲರ್ ಮುಖ ಇಂಗು ತಿಂದ ಮಂಗನಂತಾಯಿತು. ಕನ್ನಡಕದವನಿಗೆ ನೆಲವೇ ಕಾಣಲಿಲ್ಲ. "ಆ ಚಪ್ಪಾಳೆ ವಿಷಯನೂ ಹೇಳಿಬಿಡಿ ಟೀಚರ್!"

"ಚಪ್ಪಾಳೆನಾ? ಹಾಡಿಗೆ ಇದ್ದದ್ದು ಎರಡೇ ಚರಣ. ಎರಡನೇದು ಮುಗೀತಿದ್ದ ಹಾಗೇ ರಾಜ ಸಾಯಬೇಕು. ಸತ್ತ. ಒಳಗಿದ್ದ ನಿನಗೇನು ಕಾಣುತ್ತೆ? ಹುರುಪಿನಲ್ಲಿ ನೀನೇ ಕಟ್ಟಿ ಮೂರನೇ ಚರಣ ಎತ್ತಿಬಿಟ್ಟೆ! ಆ ಹುಡುಗ ಪಾಪ ಎದ್ದು ಕೂತು, ಬಾಯಾಡಿಸಿ, ಮತ್ತೆ ಸತ್ತ. ಜನ ಬಿದ್ದೂ ಬಿದ್ದೂ ನಕ್ಕು ಚಪ್ಪಾಳೆ ತಟ್ಟಿದ್ರು. ನಿನಗೇ ಅಂದ್ಕೊಂಡು ನೀನು ಮೊದಲಿಂದ ಶುರು ಮಾಡ್ದೆ. ಅವನು ಇನ್ನೊಂದು ಸಲ ಎದ್ದ!"

"ನನಗ್ಯಾಕೆ ಯಾರೂ ಹೇಳಲಿಲ್ಲ?"

"ನೀನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಹೇಳೋಕೆ ಮನಸ್ಸು ಬರಲಿಲ್ಲ ಕಣೋ. ನಾನು ಆಡಿಸಿದ ನಾಟಕಗಳಲ್ಲೆಲ್ಲ ಇವತ್ತಿಗೂ ನೆನಪಿರೋದು ಅದೊಂದೇ."

ಕನ್ನಡಕದವನು ಫೋಟೊವನ್ನು ಅಂಗಿಯ ಚುಂಗಿನಿಂದ ಒರೆಸಿದ.

"ಸತ್ತವನನ್ನ ಎರಡು ಸಲ ಎಬ್ಬಿಸಿದ ಕಂಠ ಕಣಯ್ಯಾ ಇದು! ಹೊಡಿ ಮೊಳೆ!"

ಟೈಲರನೇ ಮೊಳೆ ಹೊಡೆದ. ನೆರೆದವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕಿವಿಗೆ ಬಿದ್ದದ್ದೇ ತಡ, ಕನ್ನಡಕದವನು ಕಣ್ಣು ಮುಚ್ಚಿ ಗಂಟಲು ಸರಿಮಾಡಿಕೊಂಡ.

ಟೀಚರ್ ಗಾಬರಿಯಿಂದ ಎದ್ದು ಅವನ ಕೈ ಹಿಡಿದುಕೊಂಡರು.

"ಬೇಡ ಕಣೋ! ಏಳೋಕೆ ಇಲ್ಲಿ ರಾಜ ಇಲ್ಲ!"