ನಲವತ್ತು ‘ಗೆಟ್’ಗಳ ದಾಸ್ತಾನು

ಇಂಗ್ಲಿಷ್ ಭಾಷೆಯನ್ನು ಕಟ್ಟಿದವರಿಗೆ ಕ್ರಿಯಾಪದಗಳ ವಿಷಯದಲ್ಲಿ ಕೈ ಬಹಳ ಬಿಗಿ ಇದ್ದಿರಬೇಕು. ಇಲ್ಲದಿದ್ದರೆ ಹಾಸಿಗೆಯಿಂದ ಏಳುವುದಕ್ಕೂ ‘ಗೆಟ್’, ಬಸ್ಸು ಹತ್ತುವುದಕ್ಕೂ ‘ಗೆಟ್’, ಇಳಿಯುವುದಕ್ಕೂ ‘ಗೆಟ್’, ಕಾಯಿಲೆಯಿಂದ ಚೇತರಿಸಿಕೊಳ್ಳುವುದಕ್ಕೂ ಅದೇ ‘ಗೆಟ್’ ಎಂದು ಒಂದೇ ಪದವನ್ನು ತಿಕ್ಕಿ ತಿಕ್ಕಿ ಬಳಸುತ್ತಿದ್ದರೇ? ನಮ್ಮಲ್ಲಿ ಏಳು ಅಂದರೆ ಏಳು, ಇಳಿ ಅಂದರೆ ಇಳಿ. ಅವರಲ್ಲಿ ಮುಂದೆ ಅದೇ ಗೆಟ್ಟು, ಹಿಂದೆ ಬಾಲ ಮಾತ್ರ ಬೇರೆ. ಬಾಲ ನೋಡಿ ಪ್ರಾಣಿ ಯಾವುದೆಂದು ಹೇಳಬೇಕು. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಈ ಬಾಲಗಳ ಹಿಂದೆ ಓಡುವ ಗ್ರಹಚಾರ ನನಗೇಕೆ ಬಂತೆಂದು ಹೇಳಿಬಿಡುತ್ತೇನೆ, ನೀವೇ ತೀರ್ಪು ಕೊಡಿ.

ನಾನು ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಗುಂಡಿ, ಜಿಪ್ಪು, ಹುಕ್ಕು, ದಾರ, ಎಲಾಸ್ಟಿಕ್ಕುಗಳ ಮೇಲೆ ಇಪ್ಪತ್ತೆರಡು ವರ್ಷಗಳಿಂದ ನನ್ನ ಏಕಚಕ್ರಾಧಿಪತ್ಯ. (ಚಕ್ರ ಅಂದರೆ ದಾರದ ಉಂಡೆ ಸಾಗಿಸುವ ತಳ್ಳುಗಾಡಿಯದ್ದು. ಅದಕ್ಕೆ ನಿಜವಾಗಿಯೂ ಒಂದೇ ಚಕ್ರ ಸರಿಯಾಗಿದೆ.) ನಾಮಪದಗಳ ಮಟ್ಟಿಗೆ ನನ್ನ ಇಂಗ್ಲಿಷನ್ನು ಯಾರೂ ಅಲ್ಲಾಡಿಸಲಾರರು. ಬಟನ್, ಬಕಲ್, ಬಾಬಿನ್ ಎಂದು ಒಂದು ಗಂಟೆ ಬೇಕಾದರೂ ಮಾತಾಡಿಯೇನು. ಕ್ರಿಯಾಪದ ಬಂದ ಜಾಗದಲ್ಲಿ ಮಾತ್ರ ಕೈಸನ್ನೆ ಮಾಡಿ ದಾಟಿಕೊಳ್ಳುತ್ತಿದ್ದೆ.

ಹೀಗಿರುವಾಗ ನಮ್ಮ ಉಗ್ರಾಣದ ಮುಖ್ಯಸ್ಥರು ನಿವೃತ್ತರಾದರು. ಅವರ ಕುರ್ಚಿ ಖಾಲಿಯಾಯಿತು. ಆ ಕುರ್ಚಿಗೆ ಕೈಗಳಿವೆ, ಬೆನ್ನಿಗೆ ಮೆತ್ತೆಯಿದೆ, ಅದು ಸುತ್ತಲೂ ತಿರುಗುತ್ತದೆ. ನಾನು ಇಪ್ಪತ್ತೆರಡು ವರ್ಷ ಮರದ ಸ್ಟೂಲಿನ ಮೇಲೆ ಕೂತವನು. ನನ್ನ ಸೊಂಟವನ್ನು ಕೇಳಿ, ಅದರ ಕಥೆ ಅದೇ ಹೇಳುತ್ತದೆ. ಆ ಕುರ್ಚಿ ನನಗೆ ಬೇಕೇ ಬೇಕಿತ್ತು. ಆದರೆ ಹೊಸದಾಗಿ ಬಂದ ಮ್ಯಾನೇಜರು ನೋಟೀಸು ಹಾಕಿಸಿದರು: ಎಂಟು ದಿನ ಬಿಟ್ಟು ಸಂದರ್ಶನ, ಸರಕು ಹೊರದೇಶದಿಂದ ಬರುವುದರಿಂದ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ.

ಹಳೇ ಪುಸ್ತಕದ ಅಂಗಡಿಯಲ್ಲಿ ಮುಖಪುಟ ಹರಿದ ಒಂದು ಪುಸ್ತಕ ಸಿಕ್ಕಿತು. ಅದರ ಮೂರನೇ ಅಧ್ಯಾಯದಲ್ಲಿ, ‘ಗೆಟ್’ ಎಂಬ ಒಂದನ್ನೇ ಅದರ ನಲವತ್ತು ಬಾಲಗಳ ಸಮೇತ ಕಲಿತರೆ ಜೀವನದ ಎಲ್ಲ ಸಂದರ್ಭಗಳನ್ನೂ ದಾಟಬಹುದು ಎಂದು ಬರೆದಿತ್ತು. ನನಗೆ ರೋಮಾಂಚನವಾಯಿತು. ನಲವತ್ತು ಬಗೆಯ ಸರಕು ತಾನೇ? ಏಳುನೂರು ಬಗೆಯ ಗುಂಡಿ ನಿಭಾಯಿಸಿದವನಿಗೆ ನಲವತ್ತು ಗೆಟ್ಟು ಯಾವ ಲೆಕ್ಕ?

ನನ್ನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿದುಕೊಡುತ್ತಾಳೆ. ಅವಳ ಯಂತ್ರದ ಪಕ್ಕದಲ್ಲಿ ಸಣ್ಣ ಸಣ್ಣ ನಲವತ್ತೆಂಟು ಡ್ರಾಯರುಗಳ ಒಂದು ಪೆಟ್ಟಿಗೆಯಿದೆ, ಗುಂಡಿಗಳಿಗೆಂದು. ಅವಳು ಯಾರದೋ ಅಳತೆ ತೆಗೆದುಕೊಳ್ಳಲು ಹೋಗಿದ್ದಾಗ ನಾನು ರಾಷ್ಟ್ರಹಿತದ ದೃಷ್ಟಿಯಿಂದ ಆ ಪೆಟ್ಟಿಗೆಯನ್ನು ವಶಪಡಿಸಿಕೊಂಡೆ. ಗುಂಡಿಗಳನ್ನು ಬಕೆಟ್ಟಿಗೆ ಸುರಿದೆ. ಡ್ರಾಯರಿಗೊಂದು ಗೆಟ್ಟಿನ ಚೀಟಿ ಹಾಕಿ, ಹೊರಗೆ ದಾಸ್ತಾನು ಕಾರ್ಡು ಅಂಟಿಸಿದೆ. ಬಂದದ್ದು ಒಂದು, ಕೊಟ್ಟದ್ದು ಇಲ್ಲ, ಉಳಿಕೆ ಒಂದು.

ಅವಳು ವಾಪಸು ಬಂದಳು.

“ರೀ, ಏನಿದು ಬಕೆಟ್‌ನಲ್ಲಿ?”

“ಗುಂಡಿ.”

“ಯಾರ ಗುಂಡಿ?”

“ನಿಂದೇ. ಒಂದೂ ಕಳೆದಿಲ್ಲ. ಬೇಕಾದ್ರೆ ಎಣಿಸಿಕೋ.”

“ಹದಿನಾರು ವರ್ಷದಿಂದ ಬಣ್ಣ ನೋಡಿ, ಸೈಜು ನೋಡಿ ಒಂದೊಂದೇ ಬೇರೆ ಮಾಡಿ ಇಟ್ಟಿದ್ದೆ! ನೀವೊಬ್ರು ಸ್ಟೋರ್ ಕೀಪರ್ರಾ? ಹೊರಗಡೆ ಯಾರ ಹತ್ರಾನೂ ಹೇಳ್ಬೇಡಿ!”

“ಎಂಟೇ ದಿನ ಕಣೇ. ಆಮೇಲೆ ತಿರುಗೋ ಕುರ್ಚಿ.”

“ಕುರ್ಚಿ ಯಾಕೆ? ನನ್ನ ತಲೆ ಈಗ್ಲೇ ತಿರುಗ್ತಾ ಇದೆ.”

ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆಯವರು ಬಕೆಟ್ಟಿನೊಳಗೆ ಇಣುಕಿ, “ಅಳಿಯಂದ್ರು ಚಿಕ್ಕಂದಿನಲ್ಲಿ ಆಟ ಆಡಿರಲಿಲ್ವೋ ಏನೋ, ಪಾಪ” ಎಂದರು. ಆ ‘ಪಾಪ’ ಎಂಬ ಮಾತು ಅವರ ಬಾಯಲ್ಲಿ ಹೇಗೆ ಚುಚ್ಚುತ್ತದೆಂದು ಅಳಿಯನಾದವನಿಗಷ್ಟೇ ಗೊತ್ತು.

ನನ್ನ ಪದ್ಧತಿ ಸರಳವಾಗಿತ್ತು. ದಿನಕ್ಕೆ ಆರು ಗೆಟ್ಟು. ಡ್ರಾಯರಿನಿಂದ ಚೀಟಿ ತೆಗೆದು, ಗಟ್ಟಿಯಾಗಿ ಓದಿ, ಅರ್ಥ ಹೇಳಿ, ಮನೆಯವರಲ್ಲಿ ಒಬ್ಬರ ಕೈಗೆ ಕೊಡುವುದು. ಪಡೆದವರು ಸಹಿ ಹಾಕಬೇಕು. ಅವರು ಅದನ್ನು ದಿನವಿಡೀ ನನ್ನ ಮೇಲೆ ಪ್ರಯೋಗಿಸಬೇಕು, ನಾನು ತಕ್ಕ ಉತ್ತರ ಕೊಡಬೇಕು. ಸಹಿಯಾದ ಕೂಡಲೇ ಕಾರ್ಡಿನಲ್ಲಿ ಉಳಿಕೆ ಸೊನ್ನೆ ಎಂದು ಬರೆದು ಕೆಂಪು ಗೆರೆ ಎಳೆಯುವುದು.

ಇಲ್ಲಿ ಸ್ಟೋರ್ ಕೀಪರುಗಳ ತಲೆಯ ಬಗ್ಗೆ ಒಂದು ಮಾತು ಹೇಳಬೇಕು. ಸರಕು ಒಳಗಿರುವ ತನಕ ನಮಗೆ ಅದರದ್ದೇ ಧ್ಯಾನ. ಯಾವ ಕಪಾಟು, ಯಾವ ಸಾಲು, ಎಷ್ಟು ಡಜನ್, ಎಲ್ಲ ನಾಲಿಗೆ ತುದಿಯಲ್ಲಿ. ಆದರೆ ಸಹಿ ಹಾಕಿಸಿಕೊಂಡು ಹೊರಗೆ ಕೊಟ್ಟ ಕ್ಷಣದಿಂದ ಅದು ಇದ್ದರೂ ಸರಿ, ಹೋದರೂ ಸರಿ, ನಮಗೂ ಅದಕ್ಕೂ ಸಂಬಂಧವಿಲ್ಲ. ಇಪ್ಪತ್ತೆರಡು ವರ್ಷ ನಾನು ಹೀಗೆಯೇ ನೆಮ್ಮದಿಯಾಗಿ ಬದುಕಿದ್ದೇನೆ.

ಮೊದಲ ದಿನ ಅತ್ತೆಯವರಿಗೆ ‘ಗೆಟ್ ಅಪ್’ ಕೊಟ್ಟೆ. ಮರುದಿನ ಬೆಳಿಗ್ಗೆ ಐದೂವರೆಗೆ ಕಿವಿಯ ಪಕ್ಕದಲ್ಲೇ ಗುಡುಗಿತು.

“ಅಳಿಯಂದ್ರೇ, ಗೆಟ್ ಅಪ್!”

“ಅತ್ತೆ, ಇವತ್ತು ನಂಗೆ ರಜೆ.”

“ಅದೆಲ್ಲ ನಂಗೊತ್ತಿಲ್ಲಪ್ಪ. ಸಹಿ ಹಾಕಿ ಇಸ್ಕೊಂಡಿದೀನಿ. ಸುಮ್ನೆ ಇಟ್ಕೊಳ್ಳೋಕಾಗುತ್ತಾ?”

ಹೆಂಡತಿಗೆ ಕೊಟ್ಟದ್ದರಲ್ಲಿ ‘ಗೆಟ್ ಅವೇ ವಿತ್’ ಇತ್ತು. ಅಂದರೆ ತಪ್ಪು ಮಾಡಿಯೂ ದಕ್ಕಿಸಿಕೊಳ್ಳುವುದು. ಅವಳು ಚೀಟಿಯನ್ನು ಒಮ್ಮೆ ನೋಡಿದಳು, ಬಕೆಟ್ಟನ್ನು ಒಮ್ಮೆ ನೋಡಿದಳು, ಆಮೇಲೆ ನನ್ನನ್ನು ನೋಡಿ, “ಯು ವೋಂಟ್ ಗೆಟ್ ಅವೇ ವಿತ್ ದಿಸ್” ಎಂದಳು. ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅದರ ತಾತ್ಪರ್ಯ.

“ಈ ‘ವೋಂಟ್’ ನಾನು ಕೊಟ್ಟಿಲ್ಲವಲ್ಲ, ಎಲ್ಲಿಂದ ಬಂತು?” ಎಂದೆ.

“ಅದು ನಂದೇ. ಸ್ಕೂಲಲ್ಲಿ ಇಂಗ್ಲಿಷಿಗೆ ಎಪ್ಪತ್ತೆಂಟು ಬಂದಿತ್ತು.”

“ಯಾವತ್ತೂ ಹೇಳಿರಲಿಲ್ಲ?”

“ಯಾವತ್ತೂ ಕೇಳಿರಲಿಲ್ಲ.”

ಅವಳು ಚೀಟಿಗಳನ್ನು ಯಂತ್ರದ ಕತ್ತಿನ ಮೇಲೆ ಸಾಲಾಗಿ ಅಂಟಿಸಿಕೊಂಡಳು. ಯಂತ್ರ ತುಳಿಯುತ್ತಾ ಗುನುಗುವಳು, ದಾರ ಕಚ್ಚುತ್ತಾ ಗುನುಗುವಳು. ಸಾರಿಗೆ ಉಪ್ಪು ಸಾಲದು ಅಂದರೆ “ಗೆಟ್ ಓವರ್ ಇಟ್”, ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂರಬೇಡಿ ಎಂದು. ಕರೆಂಟ್ ಬಿಲ್ ಕಟ್ಟಲು ಮರೆತರೆ ‘ಗೆಟ್ ರೌಂಡ್ ಟು’ ಹಾಕಿ ಒಂದು ಪೂರ್ತಿ ವಾಕ್ಯ, ಈ ಕೆಲಸಕ್ಕೆ ಕೈ ಹಚ್ಚುವುದು ಯಾವಾಗ ಎಂದು. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳು ಒಂದು ಕಾಲರು ಹೊಲಿದು ಮುಗಿಸುತ್ತಿದ್ದಳು. ಮದುವೆಯಾದಾಗಿನಿಂದ ಕನ್ನಡದಲ್ಲಿ ಬೈಸಿಕೊಂಡದ್ದು ಸಾಲದೆಂಬಂತೆ ಖರ್ಚು ಮಾಡಿ ಪುಸ್ತಕ ತಂದು ಇಂಗ್ಲಿಷಿನಲ್ಲೂ ಬೈಸಿಕೊಳ್ಳತೊಡಗಿದೆ. ನನ್ನಷ್ಟು ದೂರದೃಷ್ಟಿಯ ಗಂಡ ಇನ್ನೊಬ್ಬನಿರಲಾರ.

ಇದರ ಮಧ್ಯೆ ಬಕೆಟ್ಟನ್ನು ಮುಂದಿಟ್ಟುಕೊಂಡು ಎರಡು ಮಧ್ಯಾಹ್ನ ಕೂತು, ಗುಂಡಿಗಳನ್ನೆಲ್ಲ ಹಳೇ ಗಾಜಿನ ಬಾಟಲಿಗಳಿಗೆ ವಿಂಗಡಿಸಿದಳು. ಮೊದಲು ಅಳತೆ, ಆಮೇಲೆ ತೂತಿನ ಲೆಕ್ಕ, ಕಡೆಗೆ ಬಣ್ಣ. ಪ್ರತಿ ಬಾಟಲಿಗೂ ಒಂದು ಚೀಟಿ.

“ನಾವು ಮೊದಲು ಬಣ್ಣ ನೋಡೋದು. ಅದೇ ಸರಿಯಾದ ಪದ್ಧತಿ” ಎಂದು ವೃತ್ತಿಧರ್ಮದಿಂದ ಹೇಳಿದೆ.

“ಬಣ್ಣ ಸರಿಯಿದ್ದು ಕಾಜಾದಲ್ಲಿ ತೂರದೇ ಇದ್ರೆ ಏನ್ ಮಾಡ್ತೀರಿ? ಅಂಗಿಗೆ ತೋರಿಸಿ ವಾಪಸ್ ಇಟ್ಕೋತೀರಾ?”

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದು ನನ್ನ ಅಂತಸ್ತಿಗೆ ತಕ್ಕುದಲ್ಲವೆಂದು ಅತ್ತೆಯವರ ಸಹಿ ಹಾಕಿಸಲು ಎದ್ದುಹೋದೆ.

ಏಳನೇ ದಿನ ಕೊನೆಯ ಚೀಟಿಗೂ ಸಹಿ ಬಿತ್ತು. ನಲವತ್ತು ಕಾರ್ಡಿನಲ್ಲೂ ಉಳಿಕೆ ಸೊನ್ನೆ, ನಲವತ್ತು ಕೆಂಪು ಗೆರೆ. ಪೆಟ್ಟಿಗೆ ಪೂರ್ತಿ ಖಾಲಿ, ದಾಖಲೆ ಪೂರ್ತಿ ಸ್ವಚ್ಛ. ಇಷ್ಟು ಅಚ್ಚುಕಟ್ಟಾದ ವಿಲೇವಾರಿ ನನ್ನ ಸೇವಾವಧಿಯಲ್ಲೇ ಆಗಿರಲಿಲ್ಲ.

“ರೀ, ನಾಳೆ ಸಂದರ್ಶನ. ಒಂದು ಸಲ ಹಿಂದಿನದ್ದೆಲ್ಲ ತಿರುವಿ ಹಾಕಿ” ಎಂದಳು ಹೆಂಡತಿ.

“ಕೊಟ್ಟ ಸರಕನ್ನ ಮತ್ತೆ ಎಣಿಸೋ ಪದ್ಧತಿ ನಮ್ಮಲ್ಲಿಲ್ಲ” ಎಂದೆ. ಅವಳು ಯಂತ್ರದ ಮೇಲಿನ ಚೀಟಿಗಳನ್ನು ತಾನೇ ಒಮ್ಮೆ ಮೊದಲಿನಿಂದ ಓದಿಕೊಂಡಳು. ಅದನ್ನು ನೋಡಿದಾಗಲೇ ನಾನು ಹೆದರಬೇಕಿತ್ತು.

ಮ್ಯಾನೇಜರು ಅಂಗಿಯ ತೋಳು ಮಡಚಿಕೊಂಡ ಚುರುಕು ಮನುಷ್ಯ. ಮರುದಿನ ನನ್ನನ್ನು ನಗುತ್ತಾ ಕೂರಿಸಿದರು. ಸರಕು ಬರುವುದು ಎರಡು ವಾರ ತಡವಾದರೆ ಹೊಲಿಗೆ ವಿಭಾಗವನ್ನು ಹೇಗೆ ಸಾಗಿಸುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಶ್ನೆ ಅರ್ಥವಾಯಿತು! ಖುಷಿಯಿಂದ ಎದೆಯುಬ್ಬಿತು. ಇದಕ್ಕೆ ಒಂದು ಗೆಟ್ಟು ಇದೆ, ಮೂರನೇ ಸಾಲು, ಐದನೇ ಡ್ರಾಯರು. ಮನಸ್ಸಿನಲ್ಲೇ ಡ್ರಾಯರು ಎಳೆದೆ. ಖಾಲಿ. ಹೊರಗಿನ ಕಾರ್ಡು ಮಾತ್ರ ಸ್ಪಷ್ಟವಾಗಿ ಕಂಡಿತು: ಕೊಟ್ಟದ್ದು ಒಂದು, ಪಡೆದವರು ಹೆಂಡತಿ, ಉಳಿಕೆ ಸೊನ್ನೆ.

ಅವರು ಇನ್ನೊಂದು ಪ್ರಶ್ನೆ ಕೇಳಿದರು, ದರ್ಜಿಗಳ ಜೊತೆ ಹೊಂದಿಕೊಂಡು ಹೋಗುವ ಬಗ್ಗೆ. ಒಂದನೇ ಸಾಲು, ಏಳನೇ ಡ್ರಾಯರು. ಪಡೆದವರು ಅತ್ತೆ. ಉಳಿಕೆ ಸೊನ್ನೆ. ನಲವತ್ತು ಡ್ರಾಯರುಗಳನ್ನೂ ಎಳೆದು ಎಳೆದು ನೋಡಿದೆ. ಸುಳ್ಳು ಲೆಕ್ಕ ಹೇಳಿ ಅಭ್ಯಾಸವಿಲ್ಲದ ನಾನು ಕೊನೆಗೆ, “ಸ್ಟಾಕ್ ನಿಲ್, ಸಾರ್” ಎಂದೆ.

“ವಾಟ್?”

ಕನ್ನಡದಲ್ಲೇ ಎಲ್ಲವನ್ನೂ ಹೇಳಿಕೊಂಡೆ. ಅವರು ಬಿದ್ದು ಬಿದ್ದು ನಕ್ಕು, ಕಣ್ಣು ಒರೆಸಿಕೊಂಡು, “ಹಾಗಾದ್ರೆ ಮಾಲು ಇರೋ ಕಡೆಯಿಂದ ತರಿಸಿ. ಫೋನ್ ಮಾಡಿ” ಎಂದರು. ಪುಣ್ಯಾತ್ಮ ನನಗೆ ಇನ್ನೊಂದು ಅವಕಾಶ ಕೊಡುತ್ತಿದ್ದಾನೆ ಎಂದುಕೊಂಡು ಮಾಡಿದೆ. ಅವರೇ ಸ್ಪೀಕರ್ ಒತ್ತಿದರು.

“ಏನ್ರೀ, ಕುರ್ಚಿ ಸಿಕ್ತಾ?”

“ಅದಿರಲಿ. ಸರಕು ತಡ ಆದ್ರೆ ಹೇಗೋ ಸಾಗಿಸೋ ಗೆಟ್ಟು ನಿನ್ನ ಹತ್ರ ಇದೆಯಲ್ಲ, ಬೇಗ ಹೇಳೇ!”

“ಗೆಟ್ ಬೈ. ನಿನ್ನೆ ಬಡ್ಕೊಂಡೆ, ತಿರುವಿ ಹಾಕಿ ಅಂತ.”

ಮ್ಯಾನೇಜರು ಫೋನನ್ನು ತಮ್ಮ ಕಡೆ ಎಳೆದುಕೊಂಡು ಅದೇ ಪ್ರಶ್ನೆಯನ್ನು ಅವಳಿಗೆ ಇಂಗ್ಲಿಷಿನಲ್ಲಿ ಕೇಳಿದರು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಆಮೇಲೆ ನಲ್ಲಿ ಬಿಟ್ಟ ಹಾಗೆ ಇಂಗ್ಲಿಷು ಸುರಿಯಿತು. ತಪ್ಪುಗಳಿದ್ದವೋ ಏನೋ, ಗುರುತಿಸಲು ನನಗೆ ಯೋಗ್ಯತೆ ಇರಲಿಲ್ಲ. ಅಭ್ಯಾಸಬಲದಿಂದ ಎಣಿಸಿದೆ ಅಷ್ಟೇ: ಹನ್ನೊಂದು ಗೆಟ್ಟು, ಒಂದಕ್ಕಿಂತ ಒಂದು ಬೇರೆ ಬಾಲ. ಬಕೆಟ್ಟಿನ ಪ್ರಸಂಗವೂ ಬಂತು. ಅದನ್ನು ಕೇಳುತ್ತಲೇ ಮ್ಯಾನೇಜರು ಪೆನ್ನು ಕೆಳಗಿಟ್ಟರು.

“ಒಟ್ಟು ಎಷ್ಟಿದ್ವು ಗುಂಡಿ?” ಎಂದು ಕನ್ನಡಕ್ಕೆ ಇಳಿದರು.

“ನಾಲ್ಕು ಸಾವಿರದ ಮುನ್ನೂರ ಆರು ಸಾರ್. ಹದಿನೇಳಕ್ಕೆ ಮಾತ್ರ ಜೊತೆ ಇಲ್ಲ. ಅವನ್ನ ಬೇರೆ ಬಾಟ್ಲಿಲಿ ಹಾಕಿದೀನಿ.”

“ಎಷ್ಟು ದಿನ ಹಿಡೀತು?”

“ಎರಡು ಮಧ್ಯಾಹ್ನ.”

ಮ್ಯಾನೇಜರು ನನ್ನನ್ನು ನೋಡಿದರು. ಹೋದ ವರ್ಷ ಒಂದು ಮೂಟೆ ಹುಕ್ಕು ಬೆರೆತುಹೋದಾಗ ನಾನು ಮೂರು ವಾರ ತೆಗೆದುಕೊಂಡದ್ದು ಅವರಿಗೆ ಯಾರೋ ಹೇಳಿರಬೇಕು. “ನಾಳೆ ಇವರನ್ನ ಕರ್ಕೊಂಡು ಬನ್ನಿ” ಎಂದರು.

ಕರೆದುಕೊಂಡು ಹೋದೆ. ನನ್ನ ಪರವಾಗಿ ನಾಲ್ಕು ಒಳ್ಳೆಯ ಮಾತು ಹೇಳು ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟೆ. ಅರ್ಧ ಗಂಟೆ ಬಾಗಿಲ ಹೊರಗೆ ನಿಂತಿದ್ದೆ. ಅವಳು ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ಬಂದಳು, ಮುಖದಲ್ಲಿ ನಗು ತಡೆಯಲಾಗದ ಕಷ್ಟ.

“ಏನಂತೆ?”

“ಸೋಮವಾರದಿಂದ ಬರಬೇಕಂತೆ. ಉಗ್ರಾಣದ ಮುಖ್ಯಸ್ಥೆ.”

“ನನ್ನ ಕುರ್ಚಿ ಕಣೇ ಅದು!”

“ನಾನೂ ಅದನ್ನೇ ಹೇಳ್ದೆ. ಅವರ ಸೊಂಟ ನೋವು, ಕುರ್ಚಿ ಅವರಿಗೇ ಕೊಡಿ ಅಂತ. ಅದಕ್ಕೆ ಮ್ಯಾನೇಜರು, ಸ್ಟೂಲಿಗೆ ಒಂದು ದಿಂಬು ಕೊಡಿಸ್ತೀವಿ ಅಂದ್ರು.”

ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಉರಿಯಿತು. ಹೆಮ್ಮೆಯೂ ಆಯಿತು ಎಂದು ಯಾರಾದರೂ ಪೀಡಿಸಿ ಕೇಳಿದರೆ ಒಪ್ಪಿಕೊಂಡೇನು, ಆದರೆ ಅವಳೆದುರಿಗೆ ಅಲ್ಲ. ಮನೆಯಲ್ಲಿ ಇಷ್ಟು ವರ್ಷ ನಡೆದುಬಂದ ಆಡಳಿತ ಈಗ ಕಾರ್ಖಾನೆಗೂ ವಿಸ್ತರಿಸಿತು, ಅಷ್ಟೇ. ಅವಳು ಬಂದ ತಿಂಗಳೊಳಗೆ ಕಪಾಟುಗಳೆಲ್ಲ ಅಳತೆ, ತೂತು, ಬಣ್ಣ ಎಂಬ ಕ್ರಮಕ್ಕೆ ಬಂದವು. ಅವಳಿಗೆ ಬಿಡುವಿಲ್ಲದ್ದರಿಂದ ಮನೆಕೆಲಸದಲ್ಲಿ ಮುಕ್ಕಾಲು ಪಾಲು ನನಗೆ ವರ್ಗಾವಣೆಯಾಯಿತು. ಅತ್ತೆಯವರು ಮೇಲ್ವಿಚಾರಕಿ.

ಮೊನ್ನೆ ಮನೆಯಲ್ಲಿ ಬಟ್ಟೆ ಗುಡ್ಡೆ ಬಿದ್ದಿತ್ತು. ಬೇರೆ ದಾರಿ ಕಾಣದೆ ಅರ್ಜಿ ಬರೆದೆ: ‘ಮಾನ್ಯ ಉಗ್ರಾಣ ಮುಖ್ಯಸ್ಥರಿಗೆ, ನನ್ನ ಹೆಂಡತಿ ಕೆಲಸದ ಒತ್ತಡದಲ್ಲಿರುವುದರಿಂದ ಮನೆಯಲ್ಲಿ ಬಟ್ಟೆ ಒಗೆಯಲು ನನಗೆ ಒಂದು ದಿನದ ರಜೆ ದಯಪಾಲಿಸಬೇಕಾಗಿ ವಿನಂತಿ.’ ಅವಳು ಕುರ್ಚಿಯಲ್ಲಿ ಹಿಂದಕ್ಕೊರಗಿ, ನನ್ನ ಪರಿಚಯವೇ ಇಲ್ಲದವಳ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಿದಳು. ಪೆನ್ನು ತೆಗೆದು ಅರ್ಜಿಯ ಕೆಳಗೆ ದುಂಡಗೆ ಬರೆದು ಸಹಿ ಹಾಕಿ ಕೊಟ್ಟಳು:

‘ಮಂಜೂರಾಗಿದೆ. ಕಿಟಕಿ ಪರದೆಗಳನ್ನೂ ಸೇರಿಸಿಕೊಳ್ಳತಕ್ಕದ್ದು.’